ಪ್ರಮಾಣಪತ್ರಕ್ಕಿಂತ ಮೊದಲು ಪಾಠ: ಆಳಂದ, ಅಫಜಲಪುರ, ಜೇವರ್ಗಿಯ ತರಗತಿಗಳಲ್ಲಿ ನರವೈವಿಧ್ಯದ ಮಕ್ಕಳು

ಒಂದೇ ಕೋಣೆಯಲ್ಲಿ ಕುಳಿತು, ಒಬ್ಬರೇ ಶಿಕ್ಷಕರ ಬಳಿ, ಒಂದೇ ಪಠ್ಯವನ್ನು ಓದುವ ಮಕ್ಕಳಲ್ಲಿ ಕೆಲವರಿಗೆ ಅಕ್ಷರ ಕೂಡಿಸಿ ಓದುವುದು ವರ್ಷಗಟ್ಟಲೆ ಕೈಗೂಡದಿರುವುದು, ಕೆಲವರಿಗೆ ಹತ್ತು ನಿಮಿಷವೂ ಕುಳಿತಲ್ಲಿ ಕೂರಲಾಗದಿರುವುದು, ಇನ್ನು ಕೆಲವರಿಗೆ ಸುತ್ತಲಿನ ಸದ್ದು, ಸ್ಪರ್ಶ, ಗದ್ದಲಗಳೇ ತಾಳಲಾರದ ಹೊರೆಯಾಗುವುದು ಶಾಲೆಯಲ್ಲಿ ಕೆಲಸ ಮಾಡಿದವರೆಲ್ಲರೂ ಬಲ್ಲ ಸಂಗತಿ. ಗ್ರಹಿಸುವ, ಗಮನಿಸುವ, ನೆನಪಿಡುವ, ಬೆರೆಯುವ ಕ್ರಮಗಳು ಮಿದುಳಿನಿಂದ ಮಿದುಳಿಗೆ ಬೇರೆಯಾಗುವುದು ಮನುಷ್ಯಕುಲದ ಸಹಜ ವೈವಿಧ್ಯವೇ ಹೊರತು ಅದೆಲ್ಲವನ್ನೂ ರೋಗವೆಂದು ಎಣಿಸಬೇಕಾಗಿಲ್ಲ ಎಂಬ ವಿಚಾರವನ್ನು ವಿದ್ವಾಂಸರು ನರವೈವಿಧ್ಯ ಎಂದು ಕರೆಯುತ್ತಾರೆ. 1990ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಸಮಾಜಶಾಸ್ತ್ರಜ್ಞೆ ಜೂಡಿ ಸಿಂಗರ್ ಅವರ ಬರಹಗಳಿಂದಲೂ, ಅದೇ ಕಾಲದಲ್ಲಿ ಆಟಿಸಂ ಇರುವವರೇ ಕಟ್ಟಿಕೊಂಡಿದ್ದ ಬಳಗಗಳ ಚರ್ಚೆಗಳಿಂದಲೂ ಹೊಮ್ಮಿದ ಈ ವಿಚಾರ, ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಯಾವ ರೂಪ ತಾಳುತ್ತದೆ, ಯಾವ ತೊಡಕುಗಳನ್ನು ಎದುರಿಸುತ್ತದೆ ಎಂಬುದು ಈ ಭಾಷಣದ ವಿಷಯ.

ಮೊದಲಿಗೆ ಕೆಲವು ಪಾರಿಭಾಷಿಕ ಪದಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಬುದ್ಧಿಗೆ ಕೊರತೆಯಿಲ್ಲದೆ, ಕಣ್ಣು ಕಿವಿಗಳು ಸರಿಯಾಗಿದ್ದೂ, ಬರಹವನ್ನು ಮಾತಾಗಿ ಮಾರ್ಪಡಿಸಿಕೊಳ್ಳುವುದರಲ್ಲಿ ಮಗುವಿಗೆ ಬಹುಕಾಲ ಉಳಿಯುವ ತೊಡಕಿದ್ದರೆ ಅದು ಡಿಸ್ಲೆಕ್ಸಿಯಾ. ಅಂಥದೇ ತೊಡಕು ಬರವಣಿಗೆಯಲ್ಲಿದ್ದರೆ ಡಿಸ್‌ಗ್ರಾಫಿಯಾ, ಲೆಕ್ಕದಲ್ಲಿದ್ದರೆ ಡಿಸ್‌ಕ್ಯಾಲ್ಕುಲಿಯಾ. ಈ ಮೂರನ್ನೂ ಒಟ್ಟಿಗೆ ನಿರ್ದಿಷ್ಟ ಕಲಿಕಾ ನ್ಯೂನತೆ ಎನ್ನುತ್ತಾರೆ. ಗಮನವನ್ನು ಒಂದೆಡೆ ನಿಲ್ಲಿಸಲಾಗದ, ಕೈಕಾಲು ಸುಮ್ಮನಿರಿಸಲಾಗದ, ಪ್ರಶ್ನೆ ಮುಗಿಯುವ ಮುನ್ನವೇ ಉತ್ತರ ಕೂಗಿಬಿಡುವ ಸ್ಥಿತಿಗೆ ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿಚಟುವಟಿಕೆ, ಎಂದು ಹೆಸರು. ಸ್ವಲೀನತೆ ಎಂದು ಕನ್ನಡದಲ್ಲಿ ಕರೆಯಲಾಗುವ ಆಟಿಸಂನಲ್ಲಿ ಜನರೊಂದಿಗೆ ಮಾತು, ನೋಟ, ಸನ್ನೆಗಳ ಮೂಲಕ ಬೆರೆಯುವ ಕ್ರಮ ಭಿನ್ನವಾಗಿರುತ್ತದೆ. ಒಂದೇ ಬಗೆಯ ದಿನಚರಿಯ ಮೇಲೆ ಪಟ್ಟು ಹೆಚ್ಚಿರುತ್ತದೆ. ಸದ್ದು, ಬೆಳಕು, ರುಚಿಗಳ ಅನುಭವ ಕೆಲವೊಮ್ಮೆ ಅತಿ ತೀವ್ರವಾಗಿಯೂ ಕೆಲವೊಮ್ಮೆ ಮಂದವಾಗಿಯೂ ಇರುತ್ತದೆ. ಒಂದೇ ಮಗುವಿನಲ್ಲಿ ಇವುಗಳಲ್ಲಿ ಎರಡು ಕೂಡಿರುವುದು ಅಪರೂಪವೇನಲ್ಲ.

1995ರ ಅಂಗವಿಕಲರ ಕಾಯ್ದೆ ಗುರುತಿಸಿದ್ದ ಏಳು ಸ್ಥಿತಿಗಳಲ್ಲಿ ಆಟಿಸಂ ಆಗಲಿ ಕಲಿಕಾ ನ್ಯೂನತೆಯಾಗಲಿ ಇರಲಿಲ್ಲ. 2016ರಲ್ಲಿ ಸಂಸತ್ತು ಅಂಗೀಕರಿಸಿ 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಈ ಪಟ್ಟಿಯನ್ನು 21ಕ್ಕೆ ಏರಿಸಿತು, ಎರಡನ್ನೂ ಒಳಗೆ ತಂದಿತು, ಮಾತ್ರವಲ್ಲದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆಹಚ್ಚಿ ತಕ್ಕ ಬೋಧನಾ ಕ್ರಮ ಕೈಗೊಳ್ಳುವುದು ಶಿಕ್ಷಣ ಸಂಸ್ಥೆಗಳ ಕರ್ತವ್ಯವೆಂದು 16ನೆಯ ಕಲಮಿನಲ್ಲಿ ವಿಧಿಸಿತು. ಎಡಿಎಚ್‌ಡಿ ಮಾತ್ರ ಆ 21ರಲ್ಲಿ ಇಂದಿಗೂ ಪ್ರತ್ಯೇಕವಾಗಿ ಸೇರಿಲ್ಲವಾದ್ದರಿಂದ, ಅದೊಂದೇ ಇರುವ ಮಗುವಿಗೆ ಈ ಕಾಯ್ದೆಯ ರಕ್ಷಣೆ ನೇರವಾಗಿ ದೊರೆಯುವುದು ಕಷ್ಟ.

ಕಾನೂನು ಇಷ್ಟು ಸ್ಪಷ್ಟವಿದ್ದರೂ ಈ ಮೂರು ತಾಲ್ಲೂಕುಗಳಲ್ಲಿ ಇಂಥ ಮಕ್ಕಳು ಕಣ್ಣಿಗೆ ಬೀಳುವುದು ಕಡಿಮೆ. ಅದಕ್ಕೆ ಕಾರಣ ಶಿಕ್ಷಕರ ಉದಾಸೀನ ಎಂದು ಹೇಳಿಬಿಡುವುದು ಸುಲಭ, ಆದರೆ ಅದು ನ್ಯಾಯವಲ್ಲ. ಪ್ರಾದೇಶಿಕ ಅಸಮತೋಲನವನ್ನು ಅಳೆದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ತನ್ನ ವರದಿಯಲ್ಲಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಪಟ್ಟಿ ಮಾಡಿದಾಗ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 65ರ ಆಸುಪಾಸಿನಲ್ಲಿದ್ದಾಗ ರಾಜ್ಯದ್ದು ಶೇ 75ನ್ನು ದಾಟಿತ್ತು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ನೀಡುವ ಸಂವಿಧಾನದ 371ಜೆ ವಿಧಿ ಬಂದು ದಶಕವೇ ಕಳೆದ ಮೇಲೆಯೂ, 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ 42.43ಕ್ಕೆ ನಿಂತು ರಾಜ್ಯದಲ್ಲಿ ಕೊನೆಯ ಸ್ಥಾನ ಪಡೆಯಿತು. ಪರೀಕ್ಷೆ ಬರೆದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅನುತ್ತೀರ್ಣರಾಗುವ ಕಡೆ, ಮಿದುಳಿನ ರಚನೆಯಿಂದಲೇ ಓದು ಕಷ್ಟವಾದ ಮಗುವನ್ನು ಬೇರ್ಪಡಿಸಿ ನೋಡುವುದು ಜೋಳದ ರಾಶಿಯಲ್ಲಿ ಒಂದು ಜೋಳದ ಕಾಳನ್ನು ಹುಡುಕಿದಂತೆ. ಓದಲಾರದವರ ಸಾಲಿನಲ್ಲಿ ಆ ಮಗುವೂ ಒಂದು. ಎಲ್ಲರ ಮೇಲೂ ಬೀಳುವ ಮಾತು ಒಂದೇ: "ತಲಿಗೆ ಹತ್ತಂಗಿಲ್ಲ".

ಇದರ ಹಿಂದೆ ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ, ಜಗತ್ತಿನ ಅನೇಕ ಕಡೆ ಬಳಕೆಯಲ್ಲಿರುವ ರೋಗನಿರ್ಣಯ ಕೈಪಿಡಿಯ ಪ್ರಕಾರ, ಬೋಧನೆಯೇ ಸಾಲದೆ ಹೋದದ್ದರಿಂದ ಅಥವಾ ಬೋಧನೆಯ ಭಾಷೆಯೇ ಮಗುವಿಗೆ ಬಾರದಿರುವುದರಿಂದ ಉಂಟಾದ ಹಿನ್ನಡೆಯನ್ನು ಕಲಿಕಾ ನ್ಯೂನತೆಯೆಂದು ಕರೆಯುವಂತಿಲ್ಲ. ತತ್ತ್ವಕ್ಕೆ ಈ ನಿಯಮ ಸರಿ. ಆದರೆ ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಮಹಾರಾಷ್ಟ್ರದತ್ತ, ಬೆಂಗಳೂರಿನತ್ತ ಗುಳೆ ಹೋಗುವ ಕುಟುಂಬಗಳ ಮಕ್ಕಳು ವರ್ಷದಲ್ಲಿ ತಿಂಗಳುಗಟ್ಟಲೆ ಶಾಲೆಯಿಂದ ಹೊರಗಿರುತ್ತಾರೆ. ತಾಂಡಾಗಳ ಮಕ್ಕಳು ಮನೆಯಲ್ಲಿ ಲಂಬಾಣಿ ಆಡಿ ಶಾಲೆಗೆ ಬಂದು ಕನ್ನಡ ಕೇಳುತ್ತಾರೆ. ಅಕ್ಕಲಕೋಟೆ, ಉಮರಗಾ ಕಡೆಯ ಗಡಿಗೆ ಹತ್ತಿಕೊಂಡ ಆಳಂದದ ಊರುಗಳಲ್ಲಿ ಮರಾಠಿಯೂ ಉರ್ದುವೂ ಮನೆಮಾತುಗಳಾಗಿವೆ. ಖಾಲಿ ಹುದ್ದೆಗಳನ್ನು ಅತಿಥಿ ಶಿಕ್ಷಕರಿಂದ ತುಂಬಿಸಿಕೊಂಡು ಅನೇಕ ಶಾಲೆಗಳು ನಡೆಯುತ್ತವೆ. ಬೋಧನೆ ಸಾಲದು, ಭಾಷೆ ಬೇರೆ ಎಂಬ ಎರಡು ವಿನಾಯಿತಿಗಳೂ ಹೀಗೆ ಇಲ್ಲಿನ ಬಹುಪಾಲು ಮಕ್ಕಳಿಗೆ ಅನ್ವಯಿಸುವುದರಿಂದ, ನಿಜವಾಗಿ ಡಿಸ್ಲೆಕ್ಸಿಯಾ ಇರುವ ಮಗು ವ್ಯಾಖ್ಯೆಯ ಬಾಗಿಲಲ್ಲೇ ಉಳಿದುಬಿಡುತ್ತದೆ. ಬೆಂಗಳೂರಿನ ಖಾಸಗಿ ಶಾಲೆಯ ಮಗುವಿಗೆ ಸಲ್ಲುವ ಪತ್ತೆಯ ಕ್ರಮವನ್ನೇ ಜೇವರ್ಗಿಯ ಶಾಲೆಗೆ ಎತ್ತಿ ತಂದರೆ ಅದು ಯಾರನ್ನೂ ಪತ್ತೆಹಚ್ಚದು, ಅಥವಾ ಎಲ್ಲರನ್ನೂ ಪತ್ತೆಹಚ್ಚೀತು.

ಆದ್ದರಿಂದ ಇಲ್ಲಿ ಕ್ರಮವನ್ನೇ ತಿರುಗಿಸಬೇಕಾಗುತ್ತದೆ: ಮೊದಲು ಗುರುತು, ಆಮೇಲೆ ನೆರವು ಎಂಬುದರ ಬದಲು, ಮೊದಲು ಎಲ್ಲ ಮಕ್ಕಳಿಗೂ ಒಳ್ಳೆಯ ಬೋಧನೆ, ಆ ಬೋಧನೆಗೂ ಒಗ್ಗದೆ ಉಳಿಯುವ ಮಗುವಿನತ್ತ ಹೆಚ್ಚಿನ ನೆರವು, ಅದರ ನಂತರ ಬೇಕಿದ್ದರೆ ತಜ್ಞರ ಪರೀಕ್ಷೆ. ಅಮೆರಿಕದಲ್ಲಿ 2004ರ ವಿಶೇಷ ಶಿಕ್ಷಣ ಕಾಯ್ದೆಯ ತಿದ್ದುಪಡಿ ಇಂಥ ಕ್ರಮಕ್ಕೆ ಅವಕಾಶ ಕೊಟ್ಟಿತು. ಬೋಧನೆಗೆ ಮಗು ಹೇಗೆ ಸ್ಪಂದಿಸುತ್ತದೆ ಎಂಬುದನ್ನೇ ಅಳತೆಗೋಲಾಗಿ ಬಳಸುವುದು ಅದರ ಸಾರ. ಮೂರು ತಾಲ್ಲೂಕುಗಳಲ್ಲಿ ಇದು ಸಾಧ್ಯವೇ ಎಂದು ಸಂದೇಹಪಡುವವರು, ಅದಕ್ಕೆ ಬೇಕಾದ ಚೌಕಟ್ಟು ಇಲ್ಲಿನ ನಲಿ-ಕಲಿ ತರಗತಿಗಳಲ್ಲಿ ಆಗಲೇ ಇದೆ ಎಂಬುದನ್ನು ಗಮನಿಸಬೇಕು.

ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ, 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿ, ಇಂದು ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸುವ ಪದ್ಧತಿಯಾಗಿದೆ. ಇದರಲ್ಲಿ ಪಠ್ಯಪುಸ್ತಕದ ಬದಲು ಕಾರ್ಡುಗಳಿವೆ. ಕಾರ್ಡುಗಳ ಅನುಕ್ರಮವನ್ನು ಗೋಡೆಯ ಮೇಲಿನ ಕಲಿಕಾ ಏಣಿ ತೋರಿಸುತ್ತದೆ. ಮಗು ಒಂದು ಮೆಟ್ಟಿಲು ಮುಗಿಸಿ ಮುಂದಿನದಕ್ಕೆ ತಾನೇ ಏರುತ್ತದೆ. ಶಿಕ್ಷಕರ ಸಂಪೂರ್ಣ ಬೆಂಬಲ, ಶಿಕ್ಷಕರ ಭಾಗಶಃ ಬೆಂಬಲ, ಗೆಳೆಯರ ಸಂಪೂರ್ಣ ಬೆಂಬಲ, ಗೆಳೆಯರ ಭಾಗಶಃ ಬೆಂಬಲ, ಸ್ವಕಲಿಕೆ ಎಂದು ಐದು ತಟ್ಟೆಗಳು, ಅಂದರೆ ಗುಂಪುಗಳು, ಇರುತ್ತವೆ. ಮಗುವಿನ ಆ ದಿನದ ಕಾರ್ಡು ಯಾವುದೋ ಅದರಂತೆ ಮಗು ಕೂರುವ ತಟ್ಟೆ ನಿರ್ಧಾರವಾಗುತ್ತದೆ. ಅಕ್ಷರಗಳನ್ನೂ ಅ, ಆ, ಇ, ಈ ಎಂಬ ವರ್ಣಮಾಲೆಯ ಕ್ರಮದಲ್ಲಿ ಕಲಿಸದೆ, ರ ಗ ಸ ದ ಅ, ಜ ವ ಮ ಬ ನ ಎಂಬಂತೆ ಬರೆಯಲು ಸುಲಭವೂ ಪದ ಕಟ್ಟಲು ಬೇಗ ಒದಗುವಂಥವೂ ಆದ ಗುಂಪುಗಳಲ್ಲಿ ಕಲಿಸುವುದರಿಂದ, ಐದಾರು ಅಕ್ಷರ ಬಂದ ಮಗುವೂ ಸರ, ಗರಗಸ, ಅರಸ ಎಂದು ಓದತೊಡಗುತ್ತದೆ.

ಈ ಏರ್ಪಾಟನ್ನು ರೂಪಿಸಿದವರ ಕಣ್ಣೆದುರು ಇದ್ದದ್ದು ಬಹುವರ್ಗದ ಹಳ್ಳಿ ಶಾಲೆಯೇ ಹೊರತು ನರವೈವಿಧ್ಯವಲ್ಲ. ಆದರೂ ಅದರ ಅಂಗಗಳು ಇಂಥ ಮಕ್ಕಳಿಗೆ ಅಚ್ಚುಕಟ್ಟಾಗಿ ಒದಗುತ್ತವೆ. ದೀಪಾವಳಿಗೆ ಮುಂಚೆ ಗುಳೆ ಹೋಗಿ ಬೇಸಿಗೆಗೆ ಮರಳಿದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಡಿಸ್ಲೆಕ್ಸಿಯಾ ಇರುವ ಮಗು ಒಂದು ಮೆಟ್ಟಿಲಲ್ಲಿ ಮೂರು ವಾರ ನಿಂತರೂ ನಪಾಸಾದಂತಾಗುವುದಿಲ್ಲ. ಗಮನ ನಿಲ್ಲದ ಮಗುವಿಗೆ ಎದ್ದು ಹೋಗಿ ಕಾರ್ಡು ತರುವುದು, ನೆಲಮಟ್ಟದ ಗೋಡೆ ಹಲಗೆಯ ಮೇಲೆ ಬರೆಯುವುದು, ತಟ್ಟೆ ಬದಲಿಸುವುದು ಇವೆಲ್ಲ ಓಡಾಟಕ್ಕೆ ದೊರೆತ ಅಧಿಕೃತ ಅನುಮತಿಯೇ ಆಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಮಗು ಯಾವ ಮೆಟ್ಟಿಲಲ್ಲಿ ಎಷ್ಟು ದಿನ ನಿಂತಿತು ಎಂಬುದನ್ನು ಪ್ರಗತಿ ನೋಟದಲ್ಲಿ ಗುರುತು ಮಾಡಿದ್ದರೆ ಆ ದಾಖಲೆಯೇ ಪತ್ತೆಯ ಸಾಧನ. ಇಬ್ಬರು ಮಕ್ಕಳು ಜೂನ್‌ನಲ್ಲಿ ಒಂದೇ ಮೆಟ್ಟಿಲಿನಲ್ಲಿದ್ದು, ಇಬ್ಬರೂ ತಪ್ಪದೆ ಬಂದು, ಇಬ್ಬರೂ ಶಿಕ್ಷಕರ ಪಕ್ಕದಲ್ಲಿ ಕುಳಿತು ಕಲಿತ ಮೇಲೆ ಒಬ್ಬರು ಡಿಸೆಂಬರಿನ ಹೊತ್ತಿಗೆ ಗುಣಿತಾಕ್ಷರ ದಾಟಿ ಇನ್ನೊಬ್ಬರು ಮೂಲಾಕ್ಷರದಲ್ಲೇ ಉಳಿದಿದ್ದರೆ, ಎರಡನೆಯ ಮಗುವಿನ ತೊಡಕು ಗೈರುಹಾಜರಿಯಿಂದ ಬಂದದ್ದಲ್ಲವೆಂದು ತಿಳಿಯಲು ಮನೋವಿಜ್ಞಾನಿಯೇ ಬೇಕೆಂದಿಲ್ಲ.

ಕನ್ನಡ ಓದಿನ ತೊಡಕನ್ನು ಗುರುತಿಸುವಲ್ಲಿ ಕನ್ನಡ ಲಿಪಿಯ ಸ್ವಭಾವವನ್ನೂ, ಕಲಬುರಗಿಯ ಆಡುಮಾತಿನ ಸ್ವಭಾವವನ್ನೂ ಅರಿತಿರಬೇಕು. ಇಂಗ್ಲಿಷಿನ ಡಿಸ್ಲೆಕ್ಸಿಯಾ ಪಟ್ಟಿಗಳು ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಇಪ್ಪತ್ತಾರು ಅಕ್ಷರಗಳ ಇಂಗ್ಲಿಷ್ ಲಿಪಿಯನ್ನು ಮಕ್ಕಳು ಬೇಗನೆ ಮುಗಿಸುವರಾದರೆ, ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳ ಕಲಿಕೆ ನಾಲ್ಕನೆಯ ತರಗತಿಯವರೆಗೂ ಹರಡಿಕೊಳ್ಳುತ್ತದೆ ಎಂದು ತೋರಿಸಿತು. ಆದ್ದರಿಂದ ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸುವುದು ಸಹಜ. 'ಸೂರ್ಯ' ಎಂಬ ಪದದಲ್ಲಿ ನಾಲಗೆಗೆ ಮೊದಲು ಬರುವ ರಕಾರ ಬರಹದಲ್ಲಿ ಯಕಾರದ ಬಲಗಡೆ ಅರ್ಕಾವೊತ್ತಾಗಿ ಕೂರುವುದರಿಂದ ಎಂಥ ಜಾಣ ಮಗುವೂ ಅಲ್ಲಿ ಒಮ್ಮೆ ಎಡವುತ್ತದೆ. ಇನ್ನು, ಪುಸ್ತಕದಲ್ಲಿ "ಅಜ್ಜಿ ಮನೆಗೆ ಬಂದಿದ್ದಾಳೆ" ಎಂದಿರುವುದನ್ನು ಅಫಜಲಪುರದ ಮಗು "ಆಯಿ ಮನಿಗಿ ಬಂದಾಳ" ಎಂದು ಓದಿದರೆ, ಅಥವಾ ತನ್ನ ಊರ ಮುಂದೆ ಹರಿಯುವ ಭೀಮಾ ನದಿಯನ್ನು "ಬೀಮಾ" ಎಂದು ಬರೆದರೆ, ಅದು ದೋಷವೆಂದು ಕೆಂಪು ಗೀಟು ಎಳೆಯುವವರು ತಪ್ಪು ಕಡೆ ನೋಡುತ್ತಿದ್ದಾರೆ. ಮೊದಲನೆಯದರಲ್ಲಿ ಮಗು ಅರ್ಥವನ್ನು ಪೂರ್ಣವಾಗಿ ಹಿಡಿದು ತನ್ನ ನುಡಿಯಲ್ಲಿ ಹೇಳಿದೆ. ಎರಡನೆಯದರಲ್ಲಿ ಕಿವಿಗೆ ಕೇಳಿದ್ದನ್ನು ಪ್ರಾಮಾಣಿಕವಾಗಿ ಬರೆದಿದೆ. ಮಹಾಪ್ರಾಣವು ಆಡುಮಾತಿನಲ್ಲಿ ಅಷ್ಟಾಗಿ ಇಲ್ಲದ ಪ್ರದೇಶದಲ್ಲಿ ಅದನ್ನು ಕಣ್ಣಿನಿಂದಲೇ ನೆನಪಿಡಬೇಕಾಗುತ್ತದೆ.

ಗಮನಿಸಬೇಕಾದ ಲಕ್ಷಣಗಳು ಬೇರೆಯೇ. 'ತೊಗರಿ'ಯನ್ನು 'ತಗರ' ಎಂದು ಗುಣಿತವನ್ನೆಲ್ಲ ಬಿಟ್ಟು ಓದುವುದು, 'ಕಲ್ಲು' ಎಂಬಲ್ಲಿ ಒತ್ತನ್ನು ನೋಡದೇ 'ಕಲು' ಎಂದು ಮುಂದೆ ಸಾಗುವುದು, ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುವುದು, ಎರಡನೆಯ ಸಾಲಿನಲ್ಲಿ ಕಷ್ಟಪಟ್ಟು ಓದಿದ ಪದವೇ ಆರನೆಯ ಸಾಲಿನಲ್ಲಿ ಬಂದಾಗ ಮತ್ತೆ ಹೊಸದಾಗುವುದು, ಪ-ಷ, ರ-ಠ ಮುಂತಾದ ಹೋಲುವ ಆಕೃತಿಗಳ ಗೊಂದಲ ಮೂರನೆಯ ತರಗತಿಯಲ್ಲೂ ತಗ್ಗದಿರುವುದು: ಇವೆಲ್ಲ ಒಂದೇ ಮಗುವಿನಲ್ಲಿ, ಬಹುಕಾಲ, ಒಳ್ಳೆಯ ಬೋಧನೆಯ ನಡುವೆಯೂ ಉಳಿದರೆ ಸಂಶಯಪಡಬೇಕು. ಅದೇ ಮಗು ಕೇಳಿದ ಕಥೆಯನ್ನು ಸೊಗಸಾಗಿ ತಿರುಗಿ ಹೇಳುತ್ತಿದ್ದರೆ ಸಂಶಯ ಇನ್ನೂ ಬಲವಾಗುತ್ತದೆ. ಲಂಬಾಣಿ, ಮರಾಠಿ, ಉರ್ದು ಮನೆಮಾತಿನ ಮಕ್ಕಳ ವಿಷಯದಲ್ಲಿ ಒಂದು ಸರಳ ಪರೀಕ್ಷೆ ಉಂಟು: ತೊಡಕು ಕನ್ನಡದಲ್ಲಿ ಮಾತ್ರ ಕಂಡರೆ ಅದು ಭಾಷೆಯ ಪ್ರಶ್ನೆ, ಮಗುವಿಗೆ ತನ್ನ ಮನೆಮಾತಿನ ಪ್ರಾಸಪದಗಳನ್ನು ಗುರುತಿಸುವುದು, ಮನೆಮಾತಿನ ಪದವನ್ನು ತುಂಡು ಮಾಡಿ ಹೇಳುವುದು ಕೂಡ ಕಷ್ಟವಾಗುತ್ತಿದ್ದರೆ ಪ್ರಶ್ನೆ ಆಳದ್ದು. ಇದನ್ನು ತಿಳಿಯಲು ಶಿಕ್ಷಕರಿಗೆ ಲಂಬಾಣಿ ಬರಬೇಕೆಂದಿಲ್ಲ. ಅದೇ ತಾಂಡಾದ ಹಿರಿಯ ತರಗತಿಯ ಅಕ್ಕನೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಸಾಕು.

ಪತ್ತೆಯಾದ ಮೇಲೆ ಮಾಡುವುದೇನು ಎಂಬುದಕ್ಕೆ ಉತ್ತರ ದುಬಾರಿಯದೇನಲ್ಲ. ಹೋಲುವ ಅಕ್ಷರಗಳನ್ನು ಒಟ್ಟಿಗೆ ಕಲಿಸದೆ ವಾರಗಳ ಅಂತರದಲ್ಲಿ ಕಲಿಸುವುದು, ಮರಳಿನ ಮೇಲೆ ಬೆರಳಾಡಿಸಿ ಬರೆಸುತ್ತ ಬಾಯಲ್ಲಿ ಹೇಳಿಸುವುದು, ಗುಣಿತದ ಚಿಹ್ನೆಗಳಿಗೆ ಬೇರೆ ಬಣ್ಣದ ಸೀಮೆಸುಣ್ಣ ಬಳಸುವುದು, ಓದುವ ಸಾಲಿನ ಕೆಳಗೆ ರಟ್ಟಿನ ಪಟ್ಟಿ ಇಟ್ಟುಕೊಳ್ಳುವುದು, ಪರಿಸರ ಅಧ್ಯಯನದ ಉತ್ತರವನ್ನು ಬಾಯಿಮಾತಿನಲ್ಲಿ ಕೇಳಿ ಅಂಕ ಕೊಡುವುದು ಇವೆಲ್ಲ ಯಾವ ಅನುದಾನವನ್ನೂ ಬೇಡುವುದಿಲ್ಲ. ತಪ್ಪಾದ ಪದವನ್ನು ಹತ್ತು ಸಲ ಬರೆಸುವ ರೂಢಿ ಮಾತ್ರ ನಿಲ್ಲಬೇಕು. ಡಿಸ್‌ಗ್ರಾಫಿಯಾ ಇರುವ ಮಗು ಆ ಹತ್ತರಲ್ಲಿ ಆರನ್ನು ಬೇರೆ ಬೇರೆ ರೀತಿಯಲ್ಲಿ ತಪ್ಪು ಬರೆದು, ತಪ್ಪನ್ನೇ ಅಭ್ಯಾಸ ಮಾಡಿಕೊಳ್ಳುತ್ತದೆ. ಲೆಕ್ಕದಲ್ಲಿಯೂ ಇದೇ ನ್ಯಾಯ. ಸಂತೆಯಲ್ಲಿ ಅಪ್ಪನ ಜೊತೆ ಕೂತು ಮೆಣಸಿನಕಾಯಿ ಮಾರಿ ಚಿಲ್ಲರೆಯನ್ನು ಸರಿಯಾಗಿ ಎಣಿಸಿ ಕೊಡುವ ಹುಡುಗ ಹಲಗೆಯ ಮೇಲಿನ ಕಳೆಯುವ ಲೆಕ್ಕಕ್ಕೆ ಬೆಚ್ಚಿದರೆ ಅವನಿಗೆ ಡಿಸ್‌ಕ್ಯಾಲ್ಕುಲಿಯಾ ಇದೆಯೆಂದು ಹೇಳಲಾಗದು. ಅವನಿಗೆ ಬೇಕಾದದ್ದು ಬಾಯಿಲೆಕ್ಕದಿಂದ ಬರಹದ ಲೆಕ್ಕಕ್ಕೆ ಒಂದು ದಾರಿ. ಏಳೆಂಟು ಹುಣಸೆ ಬೀಜಗಳ ಎರಡು ಗುಂಪುಗಳಲ್ಲಿ ಯಾವುದು ಹೆಚ್ಚು ಎಂಬುದೇ ನೋಟಕ್ಕೆ ನಿಲುಕದ ಮಗುವಿನ ಕಷ್ಟ ಅದಕ್ಕಿಂತ ಬೇರೆ. ಅಂಥ ಮಗುವಿಗೆ ಮಗ್ಗಿ ಒಪ್ಪಿಸುವ ಹಟ ಬಿಟ್ಟು ಮಗ್ಗಿಯ ಪಟ್ಟಿಯನ್ನು ಎದುರಿಗಿಟ್ಟು ಲೆಕ್ಕ ಮಾಡಿಸುವುದೇ ಸರಿ.

ಆಟಿಸಂ ಇರುವ ಮಗುವಿನ ವಿಷಯಕ್ಕೆ ಬಂದರೆ ನಲಿ-ಕಲಿಯ ಗುಣಗಳೇ ತೊಡಕಾಗಬಲ್ಲವು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ, ಬರಹಗಳನ್ನು ತೂಗುಹಾಕಿದ ಕಲಿಕಾ ಚಪ್ಪರ, ಐದೂ ಗುಂಪುಗಳಿಂದ ಒಮ್ಮೆಗೇ ಏಳುವ ದನಿ, ಹಾಡು, ಚಪ್ಪಾಳೆ, ದಿನವೂ ಬದಲಾಗುವ ತಟ್ಟೆ ಇವು ಉಳಿದ ಮಕ್ಕಳಿಗೆ ಸಂಭ್ರಮವಾದರೆ ಈ ಮಗುವಿಗೆ ಕಿವಿ ಮುಚ್ಚಿಕೊಂಡು ಮೂಲೆ ಸೇರುವ ಕಾರಣಗಳು. ಅಂಥ ಮಗುವಿಗೆ ಗೋಡೆಯತ್ತ ಮುಖವಿರುವ, ಚಪ್ಪರದ ಕೆಳಗಿಲ್ಲದ ಒಂದು ನಿಗದಿತ ಜಾಗವನ್ನು ಕೊಡುವುದು, ಪ್ರಾರ್ಥನೆ, ಹಾಡು, ಕಾರ್ಡು, ಊಟ, ಆಟ, ಮನೆ ಎಂಬ ದಿನದ ಅನುಕ್ರಮವನ್ನು ಚಿತ್ರಗಳಲ್ಲಿ ಬರೆದು ಅಂಟಿಸಿ, ಒಂದೊಂದು ಮುಗಿದಂತೆ ಅದನ್ನು ತಿರುವಿಹಾಕಲು ಬಿಡುವುದು, ದಿನಚರಿ ಬದಲಾಗುವ ದಿನ ಮುಂಚಿತವಾಗಿ ಹೇಳಿಡುವುದು ಇಷ್ಟರಿಂದಲೇ ಅದರ ಅಳು, ಹಟಗಳು ಗಣನೀಯವಾಗಿ ತಗ್ಗಬಲ್ಲವು. ಸುತ್ತುಬಳಸಿನ ಮಾತು, ಕುಹಕ ಇಲ್ಲಿ ಸಲ್ಲವು. "ಕಿಟಕಿ ಹಾರಿ ಹೋಗ್ತಿ ಏನು?" ಎಂದು ಗದರಿದರೆ ಆಟಿಸಂ ಇರುವ ಮಗು ಅದನ್ನು ನಿಜವಾದ ಪ್ರಶ್ನೆಯೆಂದೇ ಭಾವಿಸಿ ಕಿಟಕಿಯತ್ತ ನೋಡಬಹುದು, ಅದನ್ನು ಉದ್ಧಟತನವೆಂದು ತಿಳಿಯುವುದು ದೊಡ್ಡವರ ಅವಿವೇಕ.

ಇಂಥ ಮಕ್ಕಳ ವಿಷಯದಲ್ಲಿ ಬಿಸಿಯೂಟದ ಹೊತ್ತು ಪ್ರತ್ಯೇಕ ಗಮನ ಬೇಡುತ್ತದೆ. ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹವು 2002ರಲ್ಲಿ ಮೊದಲು ಆರಂಭವಾದದ್ದು ಈ ಭಾಗದ ಜಿಲ್ಲೆಗಳಲ್ಲಿಯೇ ಎಂಬುದು ಇಲ್ಲಿನ ಜನರಿಗೆ ಹೆಮ್ಮೆಯ ವಿಷಯ. ಆದರೆ ನೂರಾರು ಸ್ಟೀಲ್ ತಾಟುಗಳು ಒಮ್ಮೆಗೇ ನೆಲಕ್ಕೆ ತಾಗುವ ಸದ್ದು, ಸಾಲಿನ ನೂಕಾಟ, ಸಾಂಬಾರಿನ ಕಾವು, ಅನ್ನದೊಳಗೆ ಬೆರೆತ ತರಕಾರಿಯ ಮೆದುತನ ಇವು ಕೆಲವು ಮಕ್ಕಳನ್ನು ದಿನದ ಉಳಿದರ್ಧ ಪೂರ್ತಿ ಕಂಗೆಡಿಸುತ್ತವೆ. ಅಂಥವರಿಗೆ ಉಳಿದವರಿಗಿಂತ ಐದು ನಿಮಿಷ ಮುಂಚೆ ಬಡಿಸಿ, ಅನ್ನ ಒಂದು ಕಡೆ, ಸಾಂಬಾರು ಒಂದು ಕಡೆ ಹಾಕುವಂತೆ ಅಡುಗೆಯವರಿಗೆ ತಿಳಿಹೇಳಿದರೆ ಮಧ್ಯಾಹ್ನದ ಪಾಠ ಉಳಿಯುತ್ತದೆ. ಶಾಲೆಯಲ್ಲಿ ಮಗುವಿನ ಮನಸ್ಸರಿತು ನಡೆಯುವವರಲ್ಲಿ ಅಡುಗೆಯವರು ಎಷ್ಟೋ ಸಲ ಶಿಕ್ಷಕರಿಗಿಂತ ಮುಂದಿರುತ್ತಾರೆ ಎಂಬುದೂ ನೆನಪಿರಬೇಕು.

ಎಡಿಎಚ್‌ಡಿ ಇರುವ ಮಗುವಿಗೆ ಪೆಟ್ಟು, ಹೊರಗೆ ನಿಲ್ಲಿಸುವುದು, ಆಟದ ಅವಧಿ ತಪ್ಪಿಸುವುದು ಇವು ಸಾಮಾನ್ಯವಾಗಿ ಸಿಗುವ ಮದ್ದುಗಳು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅದಿರಲಿ, ಆಟದ ಅವಧಿ ತಪ್ಪಿಸುವುದು ಈ ಮಗುವಿಗೆ ಅತ್ಯಂತ ಅಗತ್ಯವಾದದ್ದನ್ನೇ ಕಸಿದುಕೊಂಡಂತೆ. ಬಾಗಿಲು, ಕಿಟಕಿಗಳಿಂದ ದೂರದ, ಶಿಕ್ಷಕರಿಗೆ ಕೈಗೆಟುಕುವ ಜಾಗ, ಒಂದು ದೊಡ್ಡ ಕೆಲಸದ ಬದಲು ಮೂರು ಸಣ್ಣ ಕೆಲಸ, ನಡುನಡುವೆ ಹಾಜರಿ ಪುಸ್ತಕ ತರುವ, ಹಲಗೆ ಒರೆಸುವ ಜವಾಬ್ದಾರಿ ಇವು ಫಲ ಕೊಡುತ್ತವೆ. ಗದ್ದಲ ಮಾಡದೆ ಕಿಟಕಿಯಾಚೆ ನೋಡುತ್ತ ಕುಳಿತೇ ದಿನ ಕಳೆಯುವ ಹುಡುಗಿಯರಲ್ಲೂ ಇದೇ ಸ್ಥಿತಿ ಇರಬಲ್ಲದು. ಅವರು ಯಾರಿಗೂ ತೊಂದರೆ ಕೊಡದ ಕಾರಣ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಇಷ್ಟೆಲ್ಲವೂ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರೆಂಬ ಕಾನೂನಿನ ಅನುಪಾತ ನಿಜವಾಗಿದ್ದರೆ ಮಾತ್ರ ಎಂಬ ಆಕ್ಷೇಪಣೆ ಬರುವುದು ಸಹಜ, ಅದರಲ್ಲಿ ಸತ್ಯವೂ ಇದೆ. ಕಾರ್ಡು ಹರಿದು, ಏಣಿ ಮಾಸಿ, ಒಬ್ಬರೇ ಶಿಕ್ಷಕರು ನೋಂದಣಿಯ ಲೆಕ್ಕ, ಸಮೀಕ್ಷೆ, ಚುನಾವಣೆಗಳ ನಡುವೆ ಓಡಾಡುವಲ್ಲಿ ನಲಿ-ಕಲಿ ಹೆಸರಿಗೆ ಮಾತ್ರ ಉಳಿಯುತ್ತದೆ. ಇದಕ್ಕಿಂತ ದೊಡ್ಡ ಪ್ರಪಾತ ನಾಲ್ಕನೆಯ ತರಗತಿಯಲ್ಲಿದೆ. ಮೂರು ವರ್ಷ ತನ್ನ ಮೆಟ್ಟಿಲಿನ ಗತಿಯಲ್ಲಿ ಬಂದ ಮಗು ಒಮ್ಮೆಗೇ ಪುಸ್ತಕ, ಪಾಠ, ಪ್ರಶ್ನೋತ್ತರ, ಕಿರುಪರೀಕ್ಷೆಗಳ ಲೋಕಕ್ಕೆ ಬೀಳುತ್ತದೆ; ಏಣಿಯನ್ನು ಯಾರೋ ಸರಿಸಿಬಿಟ್ಟಿರುತ್ತಾರೆ. ಪ್ರಥಮ್ ಸಂಸ್ಥೆಯ ಸಹಯೋಗದಲ್ಲಿ ನಾಲ್ಕು, ಐದನೆಯ ತರಗತಿಗಳಿಗೆ ನಡೆಸಲಾದ ಓದು ಕರ್ನಾಟಕ ಕಾರ್ಯಕ್ರಮವು ಮಕ್ಕಳನ್ನು ತರಗತಿಯ ಬದಲು ಅಕ್ಷರ, ಪದ, ವಾಕ್ಯ, ಕಥೆ ಎಂಬ ಓದಿನ ಹಂತಗಳ ಪ್ರಕಾರ ಗುಂಪು ಮಾಡಿ ಈ ಪ್ರಪಾತಕ್ಕೆ ಅಡ್ಡಗಟ್ಟೆ ಹಾಕಲು ಯತ್ನಿಸಿತು. ಕೋವಿಡ್ ನಂತರ 2022-23ರಲ್ಲಿ ಬಂದ ಕಲಿಕಾ ಚೇತರಿಕೆಯೂ ಹಿಂದುಳಿದ ಕಲಿಕಾ ಫಲಗಳನ್ನು ಮತ್ತೆ ಕಟ್ಟುವ ಉದ್ದೇಶದ್ದೇ. ಆದರೆ ಕಾರ್ಯಕ್ರಮಗಳು ಬಂದು ಹೋಗುತ್ತವೆ, ಡಿಸ್ಲೆಕ್ಸಿಯಾ ಹೋಗುವುದಿಲ್ಲ.

ತಜ್ಞರ ನೆರವಿನ ದಾರಿಯೂ ಕಾಗದದ ಮೇಲೆ ಇರುವುದಕ್ಕಿಂತ ನೆಲದ ಮೇಲೆ ಉದ್ದ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ವರ್ಷಕ್ಕೊಮ್ಮೆ ಶಾಲೆಗೆ, ಎರಡು ಬಾರಿ ಅಂಗನವಾಡಿಗೆ ಬರಬೇಕು. ಅದರ ಪಟ್ಟಿಯಲ್ಲಿ ಆಟಿಸಂ, ಎಡಿಎಚ್‌ಡಿ, ಕಲಿಕಾ ತೊಡಕು ಮೂರೂ ಇವೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಎಂದು ಕರೆಯಲಾಗುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿದ್ದಾರೆ. ಗ್ರಾಮ ಪಂಚಾಯತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಯೋಜನೆಯಿದೆ. ಹತ್ತಾರು ಊರುಗಳ ಹೊರೆ ಹೊತ್ತ ಇವರ ಗಮನ ಕಣ್ಣಿಗೆ ಕಾಣುವ ಅಂಗವೈಕಲ್ಯದತ್ತ ಮೊದಲು ಹರಿಯುವುದು ಅಚ್ಚರಿಯಲ್ಲ. ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಕಲಿಕಾ ನ್ಯೂನತೆಯ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಂತೆ, ಮೂರನೆಯ ತರಗತಿ ಅಥವಾ ಎಂಟು ವರ್ಷ, ಇವೆರಡರಲ್ಲಿ ಯಾವುದು ಮೊದಲೋ ಆ ಹೊತ್ತಿಗೆ ಶಿಕ್ಷಕರೇ ಮಕ್ಕಳನ್ನು ತಪಾಸಣೆ ಮಾಡಬೇಕು, ಪ್ರತಿ ಶಾಲೆಯಲ್ಲೂ ಮುಖ್ಯ ಶಿಕ್ಷಕರ ಅಧ್ಯಕ್ಷತೆಯ ತಪಾಸಣಾ ಸಮಿತಿ ಇರಬೇಕು. ಪ್ರಮಾಣಪತ್ರಕ್ಕೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿಯನ್ನು ಬಳಸಬೇಕು. ಎಂಟನೆಯ ವಯಸ್ಸಿನ ನಂತರ ಕೊಟ್ಟ ಪ್ರಮಾಣಪತ್ರವನ್ನು 14ರಲ್ಲಿ, ಮತ್ತೆ 18ರಲ್ಲಿ ನವೀಕರಿಸಬೇಕೆಂದು ಆ ಮಾರ್ಗಸೂಚಿ ಹೇಳಿತ್ತು. ಆಳಂದದಿಂದಲೂ ಜೇವರ್ಗಿಯಿಂದಲೂ, ಈ ಪರೀಕ್ಷೆಗೆ ಹೋಗಬೇಕಾದ ಕಲಬುರಗಿಗೆ ಸುಮಾರು 40 ಕಿಲೋಮೀಟರು, ಅಫಜಲಪುರದಿಂದ ಅದಕ್ಕಿಂತ ದೂರ. ಒಂದೊಂದು ಭೇಟಿಗೂ ಒಂದು ದಿನದ ಕೂಲಿ ಹೋಗುತ್ತದೆ, ಒಂದೇ ಭೇಟಿಯಲ್ಲಿ ಕೆಲಸ ಮುಗಿಯುವುದೂ ಇಲ್ಲ. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇರುವಾಗ, ಅಲ್ಲಿನ ಮನೋವಿಜ್ಞಾನ, ಶಿಕ್ಷಣಶಾಸ್ತ್ರಗಳ ವಿದ್ಯಾರ್ಥಿಗಳ ಕ್ಷೇತ್ರಕಾರ್ಯವನ್ನು ಸುತ್ತಲಿನ ಶಾಲೆಗಳ ಈ ತಪಾಸಣೆಗೆ ಜೋಡಿಸುವುದು ಅಸಾಧ್ಯವೇನಲ್ಲ.

ಪ್ರಮಾಣಪತ್ರ ಬೇಕೇ ಬೇಕಾಗುವ ಘಟ್ಟ ಎಸ್ಸೆಸ್ಸೆಲ್ಸಿ. ಹೆಚ್ಚುವರಿ ಸಮಯ, ಲಿಪಿಕಾರರು, ಭಾಷೆಯಲ್ಲಿ ವಿನಾಯಿತಿ ಮುಂತಾದ ಸೌಲಭ್ಯಗಳು ಅರ್ಜಿಯೊಂದಿಗೆ ದಾಖಲೆ ಸಲ್ಲಿಸಿದವರಿಗೆ ಮಾತ್ರ ದೊರೆಯುತ್ತವೆ. ಪರೀಕ್ಷೆಯ ಹೊಸ್ತಿಲಲ್ಲಿ ಓಡಾಡಿದರೆ ಅದು ಕೈಗೂಡುವುದಿಲ್ಲ. ಎಂಟು, ಒಂಬತ್ತನೆಯ ತರಗತಿಯಲ್ಲೇ ಕೆಲಸ ಆರಂಭವಾಗಬೇಕು.

ತಂದೆತಾಯಿಗಳೊಂದಿಗೆ ಮಾತನಾಡುವಾಗ ಒಂದು ಎಚ್ಚರ ಅಗತ್ಯ. ಮಾತು ಬಾರದ, ಕರೆದರೆ ತಿರುಗಿ ನೋಡದ ಮಗುವನ್ನು ಎತ್ತಿಕೊಂಡು ಭೀಮಾ-ಅಮರ್ಜಾ ಸಂಗಮದ ಗಾಣಗಾಪುರದ ದತ್ತನ ಸನ್ನಿಧಿಗೂ, ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೂ ಹರಕೆ ಹೊತ್ತು ಹೋಗುವ ಕುಟುಂಬಗಳು ಅನೇಕ. ಅದನ್ನು ಮೌಢ್ಯವೆಂದು ಹೀಯಾಳಿಸಿದ ಶಿಕ್ಷಕರ ಮಾತನ್ನು ಆ ಮನೆಯಲ್ಲಿ ಮತ್ತೆ ಯಾರೂ ಕೇಳುವುದಿಲ್ಲ. ಹರಕೆಗೆ ಹೋಗಿಬರಲಿ, ಅದರ ಜೊತೆಗೆ ಕಿವಿಯ ಪರೀಕ್ಷೆಯೂ ಆಗಲಿ ಎಂದು ಹೇಳುವುದು ವಿವೇಕ. ಏಕೆಂದರೆ ಹೀಗೆ ತಿರುಗಿ ನೋಡದ ಮಕ್ಕಳಲ್ಲಿ ಕೆಲವರಿಗೆ ಇರುವುದು ಆಟಿಸಂ ಅಲ್ಲ, ಶ್ರವಣದೋಷ. ತಾಯಿಯ ಮೇಲೆ ತಪ್ಪು ಹೊರಿಸುವ ಮಾತಂತೂ ಶಾಲೆಯ ಬಾಯಿಂದ ಬರಲೇಬಾರದು.

ಉಳಿದ ಒಂದು ವಿಷಯ ವರ್ಗಾವಣೆ. ಮೂರು ವರ್ಷ ಮಗುವನ್ನು ಕಂಡು, ಅದಕ್ಕೆ ಏನು ಹಿಡಿಸುತ್ತದೆ, ಏನು ಹಿಡಿಸದು ಎಂದು ಅರಿತ ಶಿಕ್ಷಕರು ಬೇರೆ ಊರಿಗೆ ಹೋದರೆ, ಅಥವಾ ಮಗು ನಾಲ್ಕನೆಯ ತರಗತಿಗೆ ದಾಟಿದರೆ, ಆ ಅರಿವೆಲ್ಲ ಅವರೊಂದಿಗೇ ಹೋಗಿ ಹೊಸಬರು ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ವರ್ಷದ ಕೊನೆಗೆ ಒಂದೇ ಪುಟದಲ್ಲಿ, ಮಗು ಯಾವ ಮೆಟ್ಟಿಲಿನಲ್ಲಿ ಎಷ್ಟು ದಿನ ನಿಂತಿತು, ಯಾವ ಅಕ್ಷರಗಳಲ್ಲಿ ಎಡವುತ್ತದೆ, ಬಾಯಿಮಾತಿನಲ್ಲಿ ಎಷ್ಟು ಹೇಳಬಲ್ಲದು, ಎಲ್ಲಿ ಕೂರಿಸಿದರೆ ಅನುಕೂಲ, ಯಾವ ಸದ್ದಿಗೆ ಬೆಚ್ಚುತ್ತದೆ, ಊಟದಲ್ಲಿ ಏನನ್ನು ಮುಟ್ಟುವುದಿಲ್ಲ, ಮನೆಯಲ್ಲಿ ಯಾವ ಮಾತು, ವರ್ಷದಲ್ಲಿ ಯಾವ ತಿಂಗಳು ಗುಳೆ ಎಂದು ಬರೆದಿಟ್ಟರೆ ಸಾಕು. ಆ ಪುಟವನ್ನು ಪ್ರಗತಿ ಪತ್ರದ ಜೊತೆಗೆ ಹೊಲಿದು, ಮಗು ವರ್ಗಾವಣೆ ಪತ್ರ ಪಡೆದು ಅಕ್ಕಲಕೋಟೆಗೋ ಬೆಂಗಳೂರಿಗೋ ಹೋದಾಗಲೂ ಅದರೊಂದಿಗೇ ಕಳಿಸಲು ಇಲಾಖೆಯ ಹೊಸ ಆದೇಶಕ್ಕೆ ಕಾಯಬೇಕಿಲ್ಲ. ಮುಖ್ಯ ಶಿಕ್ಷಕರ ಸಹಿ ಸಾಕಾಗುತ್ತದೆ.